ಓದುಗರ ಪ್ರಶ್ನೆ, ನಮ್ಮ ಉತ್ತರ: ಮೆಕ್ಸಿಕೊದ ಟೆಕ್ಸಸ್‌ಗೆ ಹೋಗಿ ನೆಲೆಸಿದವರು

ಟೆಕ್ಸಸ್ ಮೆಕ್ಸಿಕೊಗೆ ಸೇರಿದ್ದ ದಿನಗಳಲ್ಲಿ ಅಮೆರಿಕದ ಕುಟುಂಬಗಳು ಅಲ್ಲಿಗೆ ಹೋಗಿ ಜಮೀನು ಪಡೆದದ್ದರ ಬಗ್ಗೆ ಹಲವರು ಪ್ರಶ್ನೆ ಕಳಿಸಿದ್ದಾರೆ. ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೆಕ್ಸಿಕೊ ತಾನಾಗಿಯೇ ಪರದೇಶದವರನ್ನು ಕರೆದು ಜಮೀನು ಕೊಟ್ಟಿತಂತೆ. ಯಾವ ದೇಶವಾದರೂ ಹಾಗೆ ಮಾಡುತ್ತದೆಯೇ?

ಮಾಡಿತು, ಅದೂ ಯೋಚಿಸಿಯೇ ಮಾಡಿತು. 1820ರ ಹೊತ್ತಿಗೆ ಟೆಕ್ಸಸ್‌ನಲ್ಲಿ ಸ್ಪ್ಯಾನಿಷ್ ಮಾತಾಡುವವರು ಕೆಲವೇ ಸಾವಿರ ಮಂದಿ ಇದ್ದರು. ಅವರಲ್ಲೂ ಹೆಚ್ಚಿನವರು ಸ್ಯಾನ್ ಆಂಟೋನಿಯೊ ಮತ್ತು ಲಾ ಬಹೀಯದಲ್ಲಿ. ಪೂರ್ವದ ನ್ಯಾಕೊಡೋಚಸ್ 1813ರ ಯುದ್ಧದ ನಂತರ ಬಹುಪಾಲು ಬಿಕೋ ಎನ್ನುತ್ತಿತ್ತು. ಉತ್ತರದಿಂದ ಕೊಮಾಂಚಿ ಬುಡಕಟ್ಟಿನವರು ಕುದುರೆ ಏರಿ ಬಂದು ದನ-ಕುದುರೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಪೂರ್ವದಲ್ಲಿ ಅಮೆರಿಕದ ಗಡಿ. ಆ ಕಡೆಯಿಂದ ಯಾರ ಅಪ್ಪಣೆಯೂ ಇಲ್ಲದೆ ಒಳನುಗ್ಗುವವರನ್ನು ತಡೆಯಲು ಸೈನ್ಯವೂ ಇರಲಿಲ್ಲ, ಸೈನ್ಯಕ್ಕೆ ಕೊಡಲು ಹಣವೂ ಇರಲಿಲ್ಲ. ಕದ್ದು ಬರುವವರಿಗಿಂತ ಪ್ರಮಾಣ ಮಾಡಿ, ಕಾಗದಕ್ಕೆ ಸಹಿ ಹಾಕಿ ಬರುವವರೇ ಮೇಲು ಎಂಬುದು ಅಧಿಕಾರಿಗಳ ಲೆಕ್ಕ.

ಮೊದಲು ಅರ್ಜಿ ಹಿಡಿದು ಬಂದವನು ಮೋಸೆಸ್ ಆಸ್ಟಿನ್. ಮಿಸ್ಸೂರಿಯಲ್ಲಿ ಸೀಸದ ಗಣಿ ನಡೆಸುತ್ತಿದ್ದ ಇವನು 1819ರ ಹಣಕಾಸು ಕುಸಿತದಲ್ಲಿ ದಿವಾಳಿಯಾಗಿದ್ದ. 1820ರ ಡಿಸೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊ ತಲುಪಿದಾಗ ಸ್ಪೇನಿನ ಗವರ್ನರ್ ಮಾರ್ಟೀನೆಸ್ ಅವನನ್ನು ಹಿಂದಕ್ಕೆ ಹೊರಡಿಸಿದ. ಬ್ಯಾರನ್ ಬ್ಯಾಸ್ಟ್ರಾಪ್ ಎಂದು ಹೇಳಿಕೊಳ್ಳುತ್ತಿದ್ದ ಡಚ್ ಮೂಲದ ಹಳೆಯ ಪರಿಚಯಸ್ಥನೊಬ್ಬ ಮಧ್ಯೆ ಬಂದು ಮಾತಾಡಿದ ಮೇಲೆ, 300 ಕುಟುಂಬಗಳನ್ನು ಕರೆತರಲು 1821ರ ಜನವರಿಯಲ್ಲಿ ಪರವಾನಗಿ ಸಿಕ್ಕಿತು. ಜೂನ್‌ನಲ್ಲಿ ಮೋಸೆಸ್ ತೀರಿಕೊಂಡ. ಕೆಲಸವನ್ನು ಮಗ ಸ್ಟೀಫನ್ ಆಸ್ಟಿನ್ ಹೊತ್ತುಕೊಂಡ. ಅದೇ ವರ್ಷ ಮೆಕ್ಸಿಕೊ ಸ್ವತಂತ್ರವಾದ್ದರಿಂದ ಸ್ಪೇನ್ ಕೊಟ್ಟ ಪರವಾನಗಿಗೆ ಬೆಲೆ ಉಳಿಯಲಿಲ್ಲ. ಸ್ಟೀಫನ್ 1822ರಲ್ಲಿ ಮೆಕ್ಸಿಕೊ ನಗರಕ್ಕೇ ಹೋಗಿ, ಭಾಷೆ ಕಲಿತು, ಸರ್ಕಾರ ಬದಲಾಗುವುದನ್ನು ಕಣ್ಣಾರೆ ಕಂಡು, 1823ರ ಏಪ್ರಿಲ್‌ನಲ್ಲಿ ಕರಾರನ್ನು ಮತ್ತೆ ಮಂಜೂರು ಮಾಡಿಸಿಕೊಂಡೇ ಹೊರಟ. ಹೀಗೆ ಕುಟುಂಬಗಳನ್ನು ತರುವ ಗುತ್ತಿಗೆ ಹಿಡಿದವನನ್ನು ಎಂಪ್ರೆಸಾರಿಯೊ ಎನ್ನುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಬೇಕು. ಪುಸ್ತಕಗಳಲ್ಲಿ ಬರುವ ‘ಜನವಿರಳ ಗಡಿ’ ಎಂಬ ಮಾತು ಸರ್ಕಾರಿ ಜನಗಣತಿಯ ಮಾತು. ಕರಾವಳಿಯಲ್ಲಿ ಕರಾಂಕವಾ ಜನ, ಒಳನಾಡಿನಲ್ಲಿ ಟೊಂಕವಾ, ವೇಕೊ, ಕೊಮಾಂಚಿ, ಪೂರ್ವದಲ್ಲಿ ಕ್ಯಾಡೊ ಮತ್ತು ಆಗತಾನೇ ಬಂದಿದ್ದ ಚೆರೋಕಿಗಳು ಬದುಕುತ್ತಿದ್ದರು. ಆಸ್ಟಿನ್‌ಗೆ ಸಿಕ್ಕ ಬ್ರಾಸೋಸ್–ಕೊಲೊರಾಡೊ ಹೊಳೆಗಳ ಕೆಳಬಯಲು ಕರಾಂಕವಾಗಳು ಮೀನು ಹಿಡಿದು, ಬೇಟೆಯಾಡಿ, ಋತುವಿಗೆ ತಕ್ಕಂತೆ ಓಡಾಡುತ್ತಿದ್ದ ಜಾಗ. ಅದನ್ನು ವಸಾಹತುಗಾರರು ಬಂದೂಕಿನಿಂದ ಖಾಲಿ ಮಾಡಿಸಿದರು. ಖಾಲಿ ಇದ್ದದ್ದಕ್ಕೆ ಬಂದರು ಎನ್ನುವುದು ಅರ್ಧ ಸತ್ಯವೂ ಅಲ್ಲ.

ಪ್ರಶ್ನೆ: ಒಂದು ಕುಟುಂಬಕ್ಕೆ ನಾಲ್ಕು ಸಾವಿರ ಎಕರೆಗೂ ಹೆಚ್ಚು ಜಮೀನು ಸಿಗುತ್ತಿತ್ತು ಎಂಬುದು ಅಚ್ಚಿನ ತಪ್ಪಲ್ಲವೇ?

ತಪ್ಪಲ್ಲ. ಮೆಕ್ಸಿಕೊದ 1823ರ ವಸಾಹತು ಕಾಯ್ದೆಯಲ್ಲಿ ಎರಡು ಅಳತೆಗಳಿವೆ. ಬೇಸಾಯ ಮಾಡುವವನಿಗೆ ಒಂದು ಲಬೋರ್, ಅಂದರೆ ಸುಮಾರು 177 ಎಕರೆ. ದನ ಸಾಕುವವನಿಗೆ ಒಂದು ಸಿತಿಯೊ, ಅಮೆರಿಕದವರ ಬಾಯಲ್ಲಿ ಒಂದು ಲೀಗ್, ಅಂದರೆ ಸುಮಾರು 4,428 ಎಕರೆ. ಹೀಗಿರುವಾಗ ‘ನಾನು ಬರೀ ಬೇಸಾಯಗಾರ’ ಎಂದು ಬರೆಸುವ ದಡ್ಡ ಯಾರು? ಹೆಚ್ಚುಕಡಿಮೆ ಎಲ್ಲರೂ ಬೇಸಾಯದ ಜೊತೆ ದನವೂ ಉಂಟು ಎಂದರು. ಒಂದು ಲೀಗ್, ಒಂದು ಲಬೋರ್ ಕೂಡಿ ಸುಮಾರು 4,605 ಎಕರೆ.

ಇದರ ತೂಕ ತಿಳಿಯಬೇಕಾದರೆ ಅಮೆರಿಕದ ದರ ನೋಡಿ. ಅಲ್ಲಿ 1820ರ ಕಾಯ್ದೆಯಂತೆ ಸರ್ಕಾರಿ ಜಮೀನು ಎಕರೆಗೆ 1.25 ಡಾಲರ್. ಕನಿಷ್ಠ 80 ಎಕರೆ ಕೊಳ್ಳಬೇಕು, 100 ಡಾಲರನ್ನು ಕೈಯಲ್ಲೇ ಎಣಿಸಬೇಕು, ಸಾಲದ ಮಾತೇ ಇಲ್ಲ. ಇತ್ತ ಟೆಕ್ಸಸ್ ಆಗ ಸೇರಿದ್ದ ಮೆಕ್ಸಿಕೊದ ಕೊಆವೀಲಾ–ಟೆಕ್ಸಸ್ ರಾಜ್ಯದ 1825ರ ಕಾಯ್ದೆಯಲ್ಲಿ ಇಡೀ ಲೀಗ್‌ಗೆ ಸರ್ಕಾರಕ್ಕೆ ಸಲ್ಲಬೇಕಾದದ್ದು 30 ಡಾಲರ್. ನೀರಾವರಿ ಇಲ್ಲದ ಲಬೋರ್‌ಗೆ ಎರಡೂವರೆ ಡಾಲರ್, ನೀರಾವರಿ ಇದ್ದರೆ ಮೂರೂವರೆ. ಅದನ್ನೂ ನಾಲ್ಕು, ಐದು, ಆರನೆಯ ವರ್ಷ ಮೂರು ಕಂತಿನಲ್ಲಿ ಕಟ್ಟಿದರಾಯಿತು. ಎಕರೆಗೆ ಒಂದು ಸೆಂಟ್ ಕೂಡ ಬೀಳುವುದಿಲ್ಲ.

ಮೋಜಣಿದಾರನ ಕೂಲಿ, ಹಕ್ಕುಪತ್ರ ಕೊಡುವ ಕಮಿಷನರ್‌ನ ಶುಲ್ಕ, ಛಾಪಾ ಕಾಗದ ಇವು ಬೇರೆ. ಆಸ್ಟಿನ್ ತನ್ನ ಖರ್ಚಿಗೆಂದು ಎಕರೆಗೆ ಹನ್ನೆರಡೂವರೆ ಸೆಂಟ್ ಕೇಳಿದ್ದ. ಲೀಗ್‌ಗೆ ಲೆಕ್ಕ ಹಾಕಿದರೆ 550 ಡಾಲರ್ ದಾಟುತ್ತದೆ. ಜನ ಗೊಣಗಿದರು, ದೂರು ಕೊಟ್ಟರು. 1824ರಲ್ಲಿ ಸ್ಯಾನ್ ಆಂಟೋನಿಯೊದ ರಾಜಕೀಯ ಮುಖ್ಯಸ್ಥ ಸೌಸೇದೊ ಅದನ್ನು ರದ್ದು ಮಾಡಿ ಬೇರೆ ಶುಲ್ಕಪಟ್ಟಿ ಹೊರಡಿಸಿದ. ಆಸ್ಟಿನ್‌ಗೆ ಇದರಿಂದ ಪೆಟ್ಟೇ ಬಿತ್ತು. ಎಂಪ್ರೆಸಾರಿಯೊಗೆ ಪ್ರತಿ 100 ಕುಟುಂಬಕ್ಕೆ ಐದು ಲೀಗ್, ಐದು ಲಬೋರ್ ಇನಾಮು ಎಂದು 1825ರ ಕಾಯ್ದೆ ಹೇಳುತ್ತದೆ, ಸರಿ. ಆದರೆ ಸುತ್ತಲೂ ಎಲ್ಲರಿಗೂ ಪುಕ್ಕಟೆಗೆ ಹತ್ತಿರದ ದರದಲ್ಲಿ ಜಮೀನು ಸಿಗುವ ಕಡೆ ಆ ಇನಾಮನ್ನು ಕೊಳ್ಳುವವರಾದರೂ ಯಾರು?

ಪ್ರಶ್ನೆ: ಬಂದವನು ಅರ್ಜಿ ಹಾಕಿದ ದಿನದಿಂದ ಹಕ್ಕುಪತ್ರ ಕೈಸೇರುವವರೆಗೆ ಏನೇನು ನಡೆಯುತ್ತಿತ್ತು? ಹಂತಹಂತವಾಗಿ ತಿಳಿಸಿ.

ಮೊದಲು ತನ್ನ ಊರಿನಿಂದ ನಡತೆಯ ಪ್ರಮಾಣಪತ್ರ ತರಬೇಕು. ಆಸ್ಟಿನ್ ಈ ವಿಷಯದಲ್ಲಿ ಬಿಗಿ, ಪುಂಡರೆಂದು ಕಂಡವರನ್ನು ಗಡಿಯಾಚೆ ಅಟ್ಟಿದ್ದೂ ಉಂಟು. ಬಂದವನು ಮೆಕ್ಸಿಕೊಗೆ ನಿಷ್ಠೆಯ ಪ್ರಮಾಣ ಮಾಡಿ, ಹೆಸರು, ಮನೆಮಂದಿ, ಕಸುಬು ಬರೆಸಿದ ಮೇಲೆ ಆಸ್ಟಿನ್ ಒಂದು ಚೀಟಿ ಕೊಡುತ್ತಿದ್ದ. ಅದನ್ನು ಹಿಡಿದು ಹೋಗಿ, ಬೇರೆಯವರು ಹಿಡಿಯದ ಜಾಗವನ್ನು ತಾನೇ ಹುಡುಕಿಕೊಳ್ಳಬೇಕು. ಎಲ್ಲರ ಕಣ್ಣೂ ಹೊಳೆಯ ದಂಡೆಯ ಮೇಲೆಯೇ. ನೀರು, ಮರ, ಹೂಳುಮಣ್ಣು ಮೂರೂ ಇದ್ದದ್ದು ಅಲ್ಲೇ. ಅದಕ್ಕೇ ಹೊಳೆಯ ಕಡೆ ಮುಖ ಕಿರಿದಾಗಿ, ಹಿಂದಕ್ಕೆ ಹುಲ್ಲುಗಾವಲಿನ ತನಕ ಉದ್ದವಾಗಿ ಪಟ್ಟಿ ಎಳೆಯುತ್ತಿದ್ದರು. ಇಲ್ಲದಿದ್ದರೆ ಮೊದಲು ಬಂದ ಹತ್ತು ಮಂದಿ ಹೊಳೆಯನ್ನೆಲ್ಲ ನುಂಗಿಬಿಡುತ್ತಿದ್ದರು.

ಆಮೇಲೆ ಮೋಜಣಿ. ಅಳತೆಯ ಮೂಲಮಾನ ವಾರಾ. ಅಮೆರಿಕದ ಅಳತೆಯಲ್ಲಿ 33 ಇಂಚು, ಮೇಲೆ ಇಂಚಿನ ಮೂರರಲ್ಲೊಂದು ಪಾಲು. 1,000 ವಾರಾ ಚೌಕ ಒಂದು ಲಬೋರ್, 5,000 ವಾರಾ ಚೌಕ ಒಂದು ಲೀಗ್. ಲೀಗಿನ ಒಂದು ಬದಿಯೇ ನಾಲ್ಕು ಕಿಲೋಮೀಟರ್ ದಾಟುತ್ತದೆ. ಮೋಜಣಿದಾರ ಹೊಳೆದಂಡೆಯ ಒಂದು ದೊಡ್ಡ ಮರವನ್ನು ಆರಂಭದ ಗುರುತಾಗಿ ಹಿಡಿದು, ಕೊಡಲಿಯಿಂದ ತೊಗಟೆ ಕೆತ್ತಿ, ಅಲ್ಲಿಂದ ದಿಕ್ಸೂಚಿ ಇಟ್ಟು ನೇರ ಗೆರೆ ಹಿಡಿಯುತ್ತಿದ್ದ. ಇಬ್ಬರು ಆಳುಗಳು ಸರಪಳಿ ಎಳೆಯುತ್ತ ಹೋಗುವರು. ಮೂಲೆ ಬಂದಲ್ಲಿ ಗೂಟ ನೆಟ್ಟು, ಹತ್ತಿರದ ಎರಡು ಮರಗಳಿಗೆ ಎಷ್ಟು ದೂರ, ಯಾವ ದಿಕ್ಕು ಎಂದು ಬರೆದಿಡುವರು. ಗೂಟ ಕೊಳೆತರೂ ಮರ ಉಳಿಯುತ್ತದೆ ಎಂಬ ಎಣಿಕೆ.

ಕೊನೆಗೆ ಕಮಿಷನರ್ ಸ್ವಾಧೀನ ಕೊಡಬೇಕು. ಹಕ್ಕುಪತ್ರಗಳ ಒಕ್ಕಣೆಯಲ್ಲೇ ಇದರ ವಿವರ ಇದೆ. ಕಮಿಷನರ್ ಹಕ್ಕುದಾರನ ಕೈ ಹಿಡಿದು ನೆಲದ ಮೇಲೆ ನಡೆಸಿ, ‘ಕಾನೂನಿನ ಬಲದಿಂದ, ಸರ್ಕಾರದ ಹೆಸರಿನಲ್ಲಿ ನಿನಗೆ ಸ್ವಾಧೀನ ಕೊಟ್ಟಿದ್ದೇನೆ’ ಎಂದು ಗಟ್ಟಿಯಾಗಿ ಸಾರುವನು. ಹಕ್ಕುದಾರ ಕೂಗು ಹಾಕಿ, ಹುಲ್ಲು ಕಿತ್ತು, ಕಲ್ಲು ಎಸೆದು, ಗೂಟ ನೆಡುವನು. ಕೆಂಟಕಿಯಿಂದಲೋ ಲೂಸಿಯಾನಾದಿಂದಲೋ ಬಂದ ರೈತನೊಬ್ಬ ಸ್ಪೇನಿನ ಹಳೇ ಪದ್ಧತಿಯಂತೆ ಹುಲ್ಲು ಕಿತ್ತು ಗಾಳಿಗೆ ತೂರುತ್ತ ನಿಂತಿರುವುದನ್ನು ಕಣ್ಣಮುಂದೆ ತಂದುಕೊಳ್ಳಿ. ಅವನಿಗೆ ಓದಲು ಬಾರದ ಭಾಷೆಯಲ್ಲಿದ್ದ ಹಕ್ಕುಪತ್ರದ ಮೂಲ ಪ್ರತಿ ಕಚೇರಿಯ ಕಟ್ಟಿನಲ್ಲಿ ಉಳಿಯುತ್ತಿತ್ತು, ದೃಢೀಕರಿಸಿದ ನಕಲು ಅವನ ಕೈಗೆ. ಆಸ್ಟಿನ್‌ನ ಮೊದಲ ಕರಾರಿನ ಹಕ್ಕುಪತ್ರಗಳಲ್ಲಿ ಹೆಚ್ಚಿನವನ್ನು 1824ರಲ್ಲಿ ಅದೇ ಬ್ಯಾಸ್ಟ್ರಾಪ್ ಕಮಿಷನರ್ ಆಗಿ ಬಂದು ಕೊಟ್ಟ. ಉಳಿದವನ್ನು 1827ರಲ್ಲಿ ಗಾಸ್ಪರ್ ಫ್ಲೋರೆಸ್ ಮುಗಿಸಿದ. ಒಟ್ಟು 297 ಹಕ್ಕುದಾರರು. ‘ಹಳೆಯ ಮುನ್ನೂರು’ ಎಂಬ ಹೆಸರು ಬಂದದ್ದು ಇದರಿಂದ.

ಒಂಟಿ ಗಂಡಸರಿಗೆ ಪೂರ್ತಿ ಪಾಲು ಇಲ್ಲ. ಆದ್ದರಿಂದ ಮೊದಲ ಕರಾರಿನಲ್ಲಿ ಇಬ್ಬರು ಮೂವರು ಅವಿವಾಹಿತರು ಸೇರಿ ‘ಒಂದು ಕುಟುಂಬ’ ಎಂದು ಬರೆಸಿ ಜಮೀನು ಪಡೆದರು. 1825ರ ಕಾಯ್ದೆಯಲ್ಲಿ ಅವಿವಾಹಿತನಿಗೆ ಕಾಲು ಪಾಲು, ಮದುವೆಯಾದಾಗ ಉಳಿದದ್ದು. ಮೆಕ್ಸಿಕೊದ ಹೆಣ್ಣನ್ನು ಮದುವೆಯಾದ ಪರದೇಶದವನಿಗೆ ಅದರ ಮೇಲೆ ಇನ್ನೊಂದು ಕಾಲು.

ಪ್ರಶ್ನೆ: ಅಳತೆಯಲ್ಲಿ ತಪ್ಪಾಗುತ್ತಿರಲಿಲ್ಲವೇ?

ಧಾರಾಳವಾಗಿ ಆಗುತ್ತಿತ್ತು. ಮುಳ್ಳುಪೊದೆ, ಕೆಸರಿನ ಮೇಲೆ ಎಳೆದೆಳೆದು ಸರಪಳಿಯ ಕೊಂಡಿಗಳು ಸವೆಯುತ್ತವೆ, ಸರಪಳಿ ಉದ್ದವಾಗುತ್ತದೆ. ಹತ್ತು ವಾರಾದ ಸರಪಳಿ ಎರಡೇ ಇಂಚು ಹೆಚ್ಚಾಯಿತು ಎನ್ನಿ. 5,000 ವಾರಾಕ್ಕೆ 500 ಸಲ ಹಾಸಬೇಕು. ಬದಿಗೆ 1,000 ಇಂಚು, ಅಂದರೆ 83 ಅಡಿ ಹೆಚ್ಚುತ್ತದೆ. ಇಡೀ ಲೀಗಿನಲ್ಲಿ ಐವತ್ತಕ್ಕೂ ಮಿಕ್ಕಿ ಎಕರೆ ವ್ಯತ್ಯಾಸ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರವನ್ನು ತೋರಿಸುವುದಿಲ್ಲ. ಎಷ್ಟು ಓರೆ ಎಂದು ಮೊದಲೇ ಗುರುತಿಸಿಕೊಂಡು ಕಳೆಯದಿದ್ದರೆ ಮೈಲಿಗಟ್ಟಲೆ ಹೋಗುವ ಗೆರೆ ಪಕ್ಕದವನ ಹೊಲಕ್ಕೆ ಕಾಲಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹೊಳೆ. ಚಕ್ಕುಬಂದಿಯಲ್ಲಿ ‘ಹೊಳೆಯ ತನಕ’ ಎಂದಿರುತ್ತದೆ, ಬ್ರಾಸೋಸ್ ಪ್ರವಾಹ ಬಂದಾಗ ತಿರುವು ಬದಲಿಸುತ್ತದೆ, ಗುರುತಿನ ಮರವೂ ಕೊಚ್ಚಿ ಹೋಗುತ್ತದೆ.

ಪ್ರಶ್ನೆ: ಮೊದಲ ವರ್ಷ ಏನು ತಿನ್ನುತ್ತಿದ್ದರು? ಎಲ್ಲಿ ಮಲಗುತ್ತಿದ್ದರು?

ಮೊದಲ ವರ್ಷ ಸಾಯಿಸುತ್ತಿದ್ದದ್ದು ಹಸಿವು ಮತ್ತು ಚಳಿಜ್ವರ. ದಾಳಿಯೊಂದೇ ಅಪಾಯವೆಂದು ಭಾವಿಸಬೇಡಿ.

ಆಸ್ಟಿನ್ 1821ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ‘ಲೈವ್ಲಿ’ ಎಂಬ ಹಾಯಿಹಡಗಿನಲ್ಲಿ ಆಳು, ಬೀಜ, ಸಲಕರಣೆ, ದಿನಸಿ ತುಂಬಿ ಕಳಿಸಿದ. ಸೇರಬೇಕಾಗಿದ್ದದ್ದು ಕೊಲೊರಾಡೊ ಹೊಳೆಯ ಮುಖದಲ್ಲಿ, ಹಡಗು ಜನರನ್ನು ಇಳಿಸಿದ್ದು ಬ್ರಾಸೋಸ್ ಮುಖದಲ್ಲಿ. ಆಸ್ಟಿನ್ ಒಂದು ಕಡೆ ಕಾದ, ಅವರು ಇನ್ನೊಂದು ಕಡೆ ಅವನಿಗಾಗಿ ಕಾದರು. ಕೊನೆಗೆ ಹಲವರು ಬೇಸತ್ತು ಊರಿಗೆ ಮರಳಿದರು. ಎರಡನೆಯ ಪಯಣದಲ್ಲಿ ಹಡಗು ಗ್ಯಾಲ್ವೆಸ್ಟನ್ ದ್ವೀಪದ ಬಳಿ ಒಡೆಯಿತು. ಬಂದರು ಇಲ್ಲದ, ನಕ್ಷೆ ಸರಿಯಿಲ್ಲದ ಮರಳುದಿಬ್ಬಗಳ ಕರಾವಳಿಯಲ್ಲಿ ಎರಡು ಹೊಳೆಮುಖಗಳನ್ನು ಬೇರೆಬೇರೆಯಾಗಿ ಗುರುತಿಸುವುದೇ ಕಷ್ಟವಾಗಿತ್ತು.

ಬೀಜ ಇದ್ದವರಿಗೆ ದಾರಿ ಇತ್ತು. ಹೊಳೆಯ ಕೆಳಬಯಲಲ್ಲಿ ಸಣ್ಣ ಬಿದಿರಿನ ಮೆಳೆ ದಟ್ಟವಾಗಿ ಬೆಳೆದಿರುತ್ತಿತ್ತು. ಅದನ್ನು ಕಡಿದು ಒಣಗಲು ಬಿಟ್ಟು ಬೆಂಕಿ ಹಚ್ಚುವರು. ಗೆಣ್ಣುಗಳ ಒಳಗಿನ ಗಾಳಿ ಕಾದು ಬಂದೂಕು ಹಾರಿಸಿದಂತೆ ಪಟಪಟ ಸಿಡಿಯುತ್ತದೆ. ಬೂದಿ ಮುಚ್ಚಿದ ನೆಲ ಮೆತ್ತಗಿರುತ್ತದೆ, ನೇಗಿಲು ಬೇಕಿಲ್ಲ. ಚೂಪು ಕೋಲಿನಿಂದ ಕುಳಿ ತೋಡಿ, ಮೆಕ್ಕೆಜೋಳದ ಕಾಳು ಹಾಕಿ, ಕಾಲಿನಿಂದ ಮಣ್ಣು ಮುಚ್ಚಿ ನಡೆಯುವುದೇ ಬಿತ್ತನೆ. ಬುಡ ಉಳಿದ ಬಿದಿರು ಮತ್ತೆ ಚಿಗುರುವುದರಿಂದ ಒಂದೆರಡು ಸಲ ಬಡಿದು ಮುರಿಯಬೇಕು. ಮಳೆ ಕೈಕೊಟ್ಟರೆ ಮುಂದಿನ ವರ್ಷದ ತನಕ ಕಾಳಿಲ್ಲ, ಮೊದಲ ವರ್ಷಗಳಲ್ಲಿ ಬರವೂ ಕಾಡಿತು. ಆಗ ಜಿಂಕೆ, ಕರಡಿ, ಕಾಡುಕುದುರೆಯ ಮಾಂಸವೇ ಊಟ. ಒಣಗಿಸಿದ ಸಪ್ಪೆ ಮಾಂಸವನ್ನು ರೊಟ್ಟಿಯ ಬದಲು ಹಿಡಿದು, ಕೊಬ್ಬಿರುವ ಮಾಂಸವನ್ನು ಅದರ ಜೊತೆ ತಿನ್ನುತ್ತಿದ್ದರು.

ಮನೆ ಎಂದರೆ ದಿಮ್ಮಿಗಳ ಗೂಡು. ದಿಮ್ಮಿಯ ತುದಿಗೆ ಕಚ್ಚು ಕಡಿದು ಒಂದರ ಮೇಲೊಂದು ಕೂರಿಸಿ, ಸಂದಿಗೆ ಮಣ್ಣು ಮೆತ್ತಿ, ಸೀಳಿದ ಹಲಗೆಯ ಮಾಡು ಹೊದಿಸುವರು. ಮೊಳೆಗೆ ದುಡ್ಡಿಲ್ಲದವರು ಹಲಗೆಗಳ ಮೇಲೆ ಭಾರದ ಗಳ ಹೇರುವರು. ಸ್ಥಿತಿವಂತರು ಎರಡು ಗೂಡು ಕಟ್ಟಿ, ನಡುವೆ ಹತ್ತಡಿಯಷ್ಟು ತೆರೆದ ಹಾದಿ ಬಿಟ್ಟು, ಎಲ್ಲಕ್ಕೂ ಒಂದೇ ಮಾಡು ಎಳೆಯುತ್ತಿದ್ದರು. ಬೇಸಿಗೆಯಲ್ಲಿ ಗಾಳಿ ಆಡುವ ಆ ಹಾದಿಯೇ ಊಟದ ಮನೆ, ಮಲಗುವ ಜಾಗ. ಹೊಗೆಗೂಡು ಕಡ್ಡಿ-ಮಣ್ಣಿನದು. ಒಳಗಿನ ಮಣ್ಣು ಉದುರಿ ಕಡ್ಡಿ ಬಯಲಾದರೆ ಬೆಂಕಿ ಹತ್ತುತ್ತದೆ, ಅದನ್ನು ಆಗಾಗ ಮೆತ್ತುತ್ತಲೇ ಇರಬೇಕು.

ನಗದು ಇರಲಿಲ್ಲ. ಹಸು ಮತ್ತು ಕರು ಸೇರಿ ಹತ್ತು ಡಾಲರ್ ಎಂದು ಲೆಕ್ಕ ಹಿಡಿದು ಸಾಲ, ಕೂಲಿ, ಜಮೀನು ಎಲ್ಲವನ್ನೂ ತೀರಿಸುತ್ತಿದ್ದರು.

ಪ್ರಶ್ನೆ: ಸಾಲ ತಪ್ಪಿಸಿಕೊಳ್ಳಲು ಓಡಿಬಂದವರೇ ಹೆಚ್ಚಂತೆ?

ಬಹಳ ಮಂದಿ ಇದ್ದರು. 1819ರ ಕುಸಿತದಲ್ಲಿ ಮುಳುಗಿದವರು ಮನೆಯ ಬಾಗಿಲ ಮೇಲೆ ‘ಟೆಕ್ಸಸ್‌ಗೆ ಹೋದರು’ ಎಂಬುದರ ಇಂಗ್ಲಿಷ್ ಮೂರು ಮೊದಲಕ್ಷರ (ಜಿ.ಟಿ.ಟಿ.) ಗೀಚಿ ಹೊರಟರೆಂಬ ಮಾತು ಅಮೆರಿಕದಲ್ಲಿ ಜನಜನಿತ. ವಸಾಹತುಗಾರರು ಹೊರದೇಶದಲ್ಲಿ ಮಾಡಿದ ಹಳೆಯ ಸಾಲಕ್ಕೆ ಅವರ ಜಮೀನನ್ನು ಹನ್ನೆರಡು ವರ್ಷ ಮುಟ್ಟುಗೋಲು ಹಾಕುವಂತಿಲ್ಲ ಎಂದು 1829ರ ಜನವರಿಯಲ್ಲಿ ರಾಜ್ಯವೇ ಕಾಯ್ದೆ ಮಾಡಿತು.

ಪ್ರಶ್ನೆ: ಕ್ಯಾಥೊಲಿಕರಾಗಬೇಕೆಂಬ ಷರತ್ತನ್ನು ಪ್ರಾಟೆಸ್ಟೆಂಟರು ಹೇಗೆ ಒಪ್ಪಿದರು?

ಕಾಗದದ ಮೇಲೆ ಒಪ್ಪಿದರು. ವಸಾಹತಿಗೆ ಪಾದ್ರಿಯನ್ನು ಕಳಿಸುವುದು ಸರ್ಕಾರದ ಹೊಣೆಯಾಗಿತ್ತು, ವರ್ಷಗಟ್ಟಲೆ ಯಾರೂ ಬರಲಿಲ್ಲ. ಪಾದ್ರಿ ಇಲ್ಲದೆ ಮದುವೆಗೆ ಕಾನೂನಿನ ಬಲವಿಲ್ಲ. ಆದ್ದರಿಂದ ಜೋಡಿಗಳು ಸ್ಥಳೀಯ ನ್ಯಾಯಾಧಿಕಾರಿಯಾದ ಅಲ್ಕಾಲ್ದೆಯ ಮುಂದೆ ಮುಚ್ಚಳಿಕೆ ಬರೆದುಕೊಡುತ್ತಿದ್ದರು: ಪಾದ್ರಿ ಬಂದೊಡನೆ ಶಾಸ್ತ್ರೋಕ್ತವಾಗಿ ಮದುವೆಯಾಗುತ್ತೇವೆ, ತಪ್ಪಿದರೆ ಇಷ್ಟು ದಂಡ ಎಂದು. 1831ರಲ್ಲಿ ಐರಿಷ್ ಪಾದ್ರಿ ಮೈಕೆಲ್ ಮಲ್ಡೂನ್ ಬಂದಾಗ, ಮಕ್ಕಳಾಗಿದ್ದ ದಂಪತಿಗಳೂ ಸಾಲಾಗಿ ನಿಂತು ಮದುವೆಯಾದರು. ಹೆಸರಿಗೆ ಮಾತ್ರ ಕ್ಯಾಥೊಲಿಕರಾದವರನ್ನು ‘ಮಲ್ಡೂನ್ ಕ್ಯಾಥೊಲಿಕರು’ ಎಂದು ಕರೆಯುವುದು ರೂಢಿಯಾಯಿತು.

ಪ್ರಶ್ನೆ: ಮೆಕ್ಸಿಕೊ ಗುಲಾಮಗಿರಿಗೆ ವಿರುದ್ಧವಾಗಿತ್ತು. ಹಾಗಾದರೆ ಇಲ್ಲಿಗೆ ಗುಲಾಮರು ಬಂದದ್ದು ಹೇಗೆ?

ಕಾಯ್ದೆಯ ಸಂದಿಗಳಲ್ಲಿ ನುಸುಳಿ ಬಂದರು. 1823ರ ಕಾಯ್ದೆ ಗುಲಾಮರ ಮಾರಾಟ-ಖರೀದಿ ನಿಷೇಧಿಸಿತು, ಅಲ್ಲಿ ಹುಟ್ಟಿದ ಮಕ್ಕಳಿಗೆ 14 ವರ್ಷಕ್ಕೆ ಬಿಡುಗಡೆ ಎಂದಿತು, ಆದರೆ ಜೊತೆಗೆ ಕರೆತರುವುದನ್ನು ತಡೆಯಲಿಲ್ಲ. ಜೇರೆಡ್ ಗ್ರೋಸ್ ಎಂಬ ದೊಡ್ಡ ಜಮೀನ್ದಾರ 1822ರಲ್ಲಿ ಸುಮಾರು 90 ಗುಲಾಮರೊಂದಿಗೆ ಬ್ರಾಸೋಸ್ ದಂಡೆಗೆ ಬಂದ, ಹತ್ತು ಲೀಗ್ ಪಡೆದ. ಆಸ್ಟಿನ್ ವಸಾಹತಿನ 1825ರ ಗಣತಿಯಲ್ಲಿ 1,800 ಜನ, ಅವರಲ್ಲಿ 443 ಮಂದಿ ಗುಲಾಮರು. ನಾಲ್ವರಲ್ಲಿ ಒಬ್ಬರು.

1827ರ ರಾಜ್ಯ ಸಂವಿಧಾನ, ಪ್ರಕಟವಾದ ಆರು ತಿಂಗಳ ನಂತರ ಹೊಸ ಗುಲಾಮರನ್ನು ತರುವಂತಿಲ್ಲ, ಮುಂದೆ ಯಾರೂ ಗುಲಾಮರಾಗಿ ಹುಟ್ಟುವಂತಿಲ್ಲ ಎಂದು ಬಾಗಿಲು ಹಾಕಿತು. ಮರುವರ್ಷವೇ, 1828ರ ಮೇನಲ್ಲಿ, ಹೊರದೇಶದಲ್ಲಿ ಮಾಡಿಕೊಂಡ ಕೂಲಿ ಕರಾರು ಇಲ್ಲಿಯೂ ಊರ್ಜಿತ ಎಂಬ ಕಾಯ್ದೆ ಬಂತು. ಗಡಿ ದಾಟುವ ಮೊದಲು ಯಜಮಾನ ತನ್ನ ಗುಲಾಮನನ್ನು ನೋಟರಿ ಮುಂದೆ ನಿಲ್ಲಿಸಿ, ‘ನನ್ನ ಬೆಲೆಯಷ್ಟು ಸಾಲ ತೀರುವ ತನಕ ದುಡಿಯುತ್ತೇನೆ’ ಎಂಬ ಕರಾರಿಗೆ ಗುರುತು ಹಾಕಿಸುತ್ತಿದ್ದ. ಕೂಲಿ ಅತ್ಯಲ್ಪ, ಅದರಿಂದ ಬಟ್ಟೆ-ಊಟದ ಖರ್ಚು ಮುರಿದುಕೊಂಡರೆ ಸಾಲ ಎಂದೂ ತೀರದು. 99 ವರ್ಷಗಳ ಕರಾರುಗಳೂ ಇದ್ದವು. ಅಧ್ಯಕ್ಷ ಗೆರೆರೊ 1829ರ ಸೆಪ್ಟೆಂಬರ್ 15ರಂದು ದೇಶದಾದ್ಯಂತ ಗುಲಾಮಗಿರಿ ರದ್ದು ಮಾಡಿದ, ಡಿಸೆಂಬರ್‌ನಲ್ಲಿ ಟೆಕ್ಸಸ್‌ಗೆ ವಿನಾಯಿತಿ ಕೊಟ್ಟ. ಜಮೀನಿನ ವಿಷಯದಲ್ಲಿ ವಾರಾ-ಇಂಚು ಹಿಡಿದು ಬರೆದ ಸರ್ಕಾರ ಮನುಷ್ಯರ ವಿಷಯದಲ್ಲಿ ಇಷ್ಟು ಸಡಿಲವಾಗಿ ಬರೆಯಿತು. ಆಸ್ಟಿನ್ ಈ ವಿನಾಯಿತಿಗಳಿಗೆ ಓಡಾಡಿದವರಲ್ಲಿ ಮುಂಚೂಣಿಯವನು, ಇದನ್ನು ಮರೆಮಾಚುವುದು ಸರಿಯಲ್ಲ.

ಪ್ರಶ್ನೆ: ಎಲ್ಲ ಎಂಪ್ರೆಸಾರಿಯೊಗಳೂ ಆಸ್ಟಿನ್‌ನಂತೆ ಗೆದ್ದರೇ? ಸಂಬಂಧ ಕೆಟ್ಟದ್ದು ಯಾವಾಗ?

ಸೋತವರೇ ಹೆಚ್ಚು. ಆರು ವರ್ಷದಲ್ಲಿ ಕನಿಷ್ಠ 100 ಕುಟುಂಬ ತರದಿದ್ದರೆ ಕರಾರು ಬಿದ್ದುಹೋಗುತ್ತಿತ್ತು. ಮಾರ್ಟಿನ್ ದೆ ಲಿಯೋನ್ 1824ರಲ್ಲಿ ಮೆಕ್ಸಿಕೊದ ಕುಟುಂಬಗಳನ್ನೇ ತಂದು ವಿಕ್ಟೋರಿಯಾ ಊರು ಕಟ್ಟಿದ. ಗ್ರೀನ್ ಡಿವಿಟ್ ಗೊನ್ಸಾಲೆಸ್ ಕಟ್ಟಿದ. ಕೆಟ್ಟ ಉದಾಹರಣೆ ಹೇಡನ್ ಎಡ್ವರ್ಡ್ಸ್. ಅವನ 800 ಕುಟುಂಬಗಳ ಕರಾರಿನ ಸೀಮೆಯಲ್ಲಿ ನ್ಯಾಕೊಡೋಚಸ್ ಇತ್ತು, ಅಲ್ಲಿ ತಲೆಮಾರುಗಳಿಂದ ಉಳುತ್ತಿದ್ದವರಿದ್ದರು. ಅವರ ಹಕ್ಕನ್ನು ಕಾಪಾಡುವ ಷರತ್ತು ಕರಾರಿನಲ್ಲೇ ಇತ್ತು. ಎಡ್ವರ್ಡ್ಸ್ 1825ರಲ್ಲಿ ಹಕ್ಕುಪತ್ರ ತೋರಿಸಿ, ಇಲ್ಲವಾದರೆ ಜಮೀನು ಮಾರಿಬಿಡುತ್ತೇನೆ ಎಂದು ನೋಟಿಸ್ ಅಂಟಿಸಿದ. ದೂರು ಹೋಯಿತು, ಕರಾರು ರದ್ದಾಯಿತು. 1826ರ ಡಿಸೆಂಬರ್‌ನಲ್ಲಿ ಅವನ ಕಡೆಯವರು ‘ಫ್ರೆಡೋನಿಯಾ ಗಣರಾಜ್ಯ’ ಘೋಷಿಸಿದರು. ಅದು ಮುಂದಿನ ತಿಂಗಳ ಕೊನೆಯನ್ನೂ ದಾಟಲಿಲ್ಲ. ಅದನ್ನು ಅಡಗಿಸಲು ಮೆಕ್ಸಿಕೊ ಸೈನ್ಯದ ಜೊತೆ ಆಸ್ಟಿನ್‌ನ ಪಡೆಯೂ ಹೊರಟಿತ್ತು.

ಮೆಕ್ಸಿಕೊ ಬೆಚ್ಚಿದ್ದು ಇಲ್ಲಿಂದ. 1828ರಲ್ಲಿ ಪರಿಶೀಲನೆಗೆ ಬಂದ ಜನರಲ್ ಮಿಯೆರ್ ಇ ತೆರಾನ್, ಸ್ಯಾನ್ ಆಂಟೋನಿಯೊದಿಂದ ಪೂರ್ವಕ್ಕೆ ಹೋದಷ್ಟೂ ಮೆಕ್ಸಿಕೊದ ಛಾಯೆ ಅಳಿಯುತ್ತಿದೆ ಎಂದು ವರದಿ ಕೊಟ್ಟ. 1830ರ ಏಪ್ರಿಲ್ 6ರ ಕಾಯ್ದೆ ಅಮೆರಿಕದವರ ವಲಸೆಯನ್ನು ನಿಲ್ಲಿಸಿತು. 100 ಕುಟುಂಬ ತಂದಾಗಿದೆ ಎಂಬ ಆಧಾರದ ಮೇಲೆ ಆಸ್ಟಿನ್ ಮತ್ತು ಡಿವಿಟ್‌ರ ವಸಾಹತುಗಳಿಗೆ ಮಾತ್ರ ದಾರಿ ಉಳಿಯಿತು. ಕಾಗದ ಪತ್ರ ಸರಿಯಿದ್ದವರು ಹೊರಗೆ ನಿಂತರು, ಕದ್ದು ಬರುವವರು ಬರುತ್ತಲೇ ಇದ್ದರು. ತಡೆಯಲು ಸೈನ್ಯ ಸಾಲದು ಎಂಬ 1820ರ ಸ್ಥಿತಿ ಹತ್ತು ವರ್ಷದ ನಂತರವೂ ಹಾಗೇ ಇತ್ತು. 1836ರ ಮಾರ್ಚ್ 2ರಂದು ಟೆಕ್ಸಸ್ ಬೇರ್ಪಟ್ಟಿತು. ಆಸ್ಟಿನ್ ಅದೇ ಡಿಸೆಂಬರ್ 27ರಂದು ತೀರಿಕೊಂಡ.

ಪ್ರಶ್ನೆ: ಆ ಹಕ್ಕುಪತ್ರಗಳಿಗೆ ಈಗಲೂ ಬೆಲೆ ಇದೆಯೇ?

ಇದೆ. ಹೊಸ ಗಣರಾಜ್ಯ 1836ರ ಡಿಸೆಂಬರ್‌ನಲ್ಲೇ ಭೂದಾಖಲೆಗಳ ಕಚೇರಿಗೆ ಕಾಯ್ದೆ ಮಾಡಿ, ಆಮೇಲೆ ಸ್ಪ್ಯಾನಿಷ್ ಕಟ್ಟುಗಳನ್ನು ಅಲ್ಲಿಗೆ ತರಿಸಿತು. ಬ್ರಾಸೋಸ್ ಸೀಮೆಯ ಜಮೀನಿನ ದಾಖಲೆಯನ್ನು ಹಿಂದಕ್ಕೆ ಜಗ್ಗಿದರೆ ಹೆಚ್ಚಿನ ಸಲ ತಲುಪುವುದು ಈ ಲೀಗ್‌ಗಳಿಗೇ. ಹಳೆಯ ಅಳತೆಗಳ ನಡುವೆ ಯಾರಿಗೂ ಸೇರದೆ ಉಳಿದ ಸಂದುಪಟ್ಟಿಗಳ ಕೆಳಗೆ ತೈಲ ಸಿಕ್ಕಾಗ ನ್ಯಾಯಾಲಯಗಳಲ್ಲಿ ದೊಡ್ಡ ವ್ಯಾಜ್ಯಗಳೇ ನಡೆದವು. ಅಂಥ ದಾಖಲೆ ಓದುವವರಿಗೆ ಒಂದು ಸುಲಭ ಲೆಕ್ಕ: 36 ವಾರಾ ಎಂದರೆ ಸರಿಯಾಗಿ 100 ಅಡಿ, 1,900.8 ವಾರಾ ಒಂದು ಮೈಲಿ. ವಾರಾ ಸಂಖ್ಯೆಯನ್ನು 0.36ರಿಂದ ಭಾಗಿಸಿದರೆ ಅಡಿ ಬರುತ್ತದೆ.